ಎಂಜಿನ್ ಆಮೇಲೆ, ಮೊದಲು ಹಳಿ

ಆಟದ ರೈಲನ್ನು ಹವ್ಯಾಸದ ರೈಲಾಗಿಸಲು ಹೊರಟ ಯುವಮಿತ್ರರಿಗೆ



ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಇದ್ದೇ ಇರುತ್ತದೆ. ಪರದೇಶದಿಂದ ಬಂದ ಸೋದರಮಾವನೋ ಚಿಕ್ಕಪ್ಪನೋ ಹುಟ್ಟುಹಬ್ಬಕ್ಕೆಂದು ತಂದುಕೊಟ್ಟ ಎಲೆಕ್ಟ್ರಿಕ್ ರೈಲಿನ ಸೆಟ್ ಅದು. ಒಂದು ಎಂಜಿನ್, ಎರಡೋ ಮೂರೋ ಡಬ್ಬಿ, ಒಂದು ಕಂಟ್ರೋಲರ್, ಜೋಡಿಸಿದರೆ ಮೊಟ್ಟೆಯ ಆಕಾರಕ್ಕೆ ಬರುವ ಹಳಿಯ ತುಂಡುಗಳು. ಮೊದಲ ದಿನ ಮನೆಮಂದಿಯೆಲ್ಲ ನೆಲದ ಮೇಲೆ ಕೂತು ನೋಡಿ ಆನಂದಿಸಿದ್ದಾಯಿತು. ಎರಡನೆಯ ವಾರ ಗಾಡಿ ಅಲ್ಲಲ್ಲಿ ನಿಲ್ಲತೊಡಗಿತು. ಬೆರಳಿನಿಂದ ತಳ್ಳಿದರೆ ನಾಲ್ಕು ಹೆಜ್ಜೆ ಓಡಿ ಮತ್ತೆ ನಿಂತಿತು. ತಿರುವಿನಲ್ಲಿ ಡಬ್ಬಿ ಹಳಿ ತಪ್ಪಿತು. 'ಎಂಜಿನ್ ಕೆಟ್ಟಿದೆ' ಎಂದು ತೀರ್ಪು ಕೊಟ್ಟು ಪೆಟ್ಟಿಗೆಯನ್ನು ಅಟ್ಟಕ್ಕೆ ಏರಿಸಿದ್ದೂ ಆಯಿತು.

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯನ್ನು ನಿಮ್ಮ ಅಜ್ಜಿಯ ಬಾಯಿಂದ ಕೇಳಿರುತ್ತೀರಿ. ಆಟದ ರೈಲಿನ ವಿಷಯದಲ್ಲಿ ಮಾತ್ರ ಈ ಗಾದೆ ತಲೆಕೆಳಗು. ಬಹುಪಾಲು ಎಂಜಿನ್‌ಗಳು ಕುಣಿಯಲು ಸಿದ್ಧವಾಗಿಯೇ ಇರುತ್ತವೆ, ನೆಲವೇ ಡೊಂಕು! ಹೊಸ ಎಂಜಿನ್ ಕೊಡಿಸಿ ಎಂದು ಅಪ್ಪನ ಬೆನ್ನು ಹತ್ತುವ ಮೊದಲು ಹಳಿಯ ಕಡೆ ಒಮ್ಮೆ ಕಣ್ಣು ಹಾಯಿಸಿ. ಕಡಿಮೆ ಖರ್ಚಿನಲ್ಲಿ ಹೆಚ್ಚು ಸುಖ ಕೊಡುವ ಸುಧಾರಣೆ ಅಲ್ಲೇ ಇದೆ.

ಹಳಿ ರಸ್ತೆಯೂ ಹೌದು, ತಂತಿಯೂ ಹೌದು

ಈ ಹವ್ಯಾಸ ಯೂರೋಪಿನದು. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ ೧೮೯೧ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಗೊತ್ತಾದ ಅಳತೆಯ ಹಳಿಗಳಿರುವ ಆಟದ ರೈಲನ್ನು ತಂದಿತು. ಒಂದೇ ಅಳತೆಯಿದ್ದುದರಿಂದ ಮುಂದಿನ ವರ್ಷ ಇನ್ನಷ್ಟು ಹಳಿ ಕೊಂಡು ಜೋಡಿಸುತ್ತ ಹೋಗಬಹುದಾಯಿತು. ಮೆಕ್ಯಾನೋ ಆಟಿಕೆಯ ಜನಕ ಫ್ರಾಂಕ್ ಹಾರ್ನ್‌ಬಿ ೧೯೨೦ರಲ್ಲಿ ಇಂಗ್ಲೆಂಡಿನಲ್ಲಿ ರೈಲಿನ ಆಟಿಕೆಗಳನ್ನು ಆರಂಭಿಸಿದ. ಇಂದು ನಿಮ್ಮ ಕೈಗೆ ಸಿಗುವ ಸೆಟ್ ಹೆಚ್ಚಾಗಿ ಎರಡು ಅಳತೆಗಳಲ್ಲಿ ಒಂದಾಗಿರುತ್ತದೆ: ಎರಡು ಕಂಬಿಗಳ ನಡುವೆ ೧೬.೫ ಮಿಲಿಮೀಟರ್ ಅಂತರವಿರುವ 'ಎಚ್‌ಓ' ಅಥವಾ 'ಓಓ'. ಇಲ್ಲವೇ ೯ ಮಿಲಿಮೀಟರ್ ಅಂತರದ ಪುಟ್ಟ 'ಎನ್'.

ಇವುಗಳಲ್ಲಿ ಬಹುತೇಕ ಎಲ್ಲವೂ ಓಡುವ ಬಗೆ ಒಂದೇ. ಕಂಟ್ರೋಲರ್‌ನಿಂದ ಗರಿಷ್ಠ ೧೨ ವೋಲ್ಟಿನ ವಿದ್ಯುತ್ ಒಂದು ಕಂಬಿಯಲ್ಲಿ ಹೋಗಿ ಇನ್ನೊಂದರಲ್ಲಿ ಹಿಂತಿರುಗುತ್ತದೆ. ನಡುವೆ ನಿಂತ ಎಂಜಿನ್ ತನ್ನ ಚಕ್ರಗಳ ಮೂಲಕ ಅದನ್ನು ಹೀರಿಕೊಂಡು ಮೋಟಾರ್ ತಿರುಗಿಸುತ್ತದೆ. ಅಂದರೆ ಹಳಿ ಗಾಡಿಗೆ ರಸ್ತೆಯೂ ಹೌದು, ಕರೆಂಟಿನ ತಂತಿಯೂ ಹೌದು. ರಸ್ತೆ ಕೆಟ್ಟರೆ ಗಾಡಿ ಉರುಳುತ್ತದೆ. ತಂತಿ ಕೆಟ್ಟರೆ ಗಾಡಿ ನಿಲ್ಲುತ್ತದೆ. ನಿಮ್ಮ ಸೆಟ್ಟಿನ ಕಾಯಿಲೆ ಯಾವುದೆಂದು ತಿಳಿಯಲು ಈ ಒಂದು ಮಾತು ನೆನಪಿದ್ದರೆ ಸಾಕು.

ಮೊದಲು ರೋಗ ಪತ್ತೆ

ಅಂಗಡಿಗೆ ಓಡುವ ಮುಂಚೆ ಒಂದು ಭಾನುವಾರವನ್ನು ಪರೀಕ್ಷೆಗೆ ಮೀಸಲಿಡಿ. ಔಷಧದ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲನ್ನು ಹತ್ತಿಬಟ್ಟೆಗೆ ಹಚ್ಚಿ, ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕೂತು, ಕಂಬಿಯ ಮೇಲ್ಭಾಗವನ್ನು ಒರೆಸಿ. ಬಟ್ಟೆ ಕಪ್ಪಾಗುವುದನ್ನು ನೋಡಿ ನಿಮಗೇ ಆಶ್ಚರ್ಯವಾದೀತು. ಎಂಜಿನ್ ಚಕ್ರಗಳನ್ನೂ ಹೀಗೆಯೇ ಒರೆಸಿ. ಒರಟು ಮರಳುಕಾಗದದಿಂದ ಮಾತ್ರ ಉಜ್ಜಬೇಡಿ. ಅದು ಮಾಡುವ ಗೀರುಗಳಲ್ಲಿ ಕೊಳೆ ಇನ್ನೂ ಬೇಗ ಕೂರುತ್ತದೆ.

ಎರಡನೆಯದಾಗಿ, ತುಂಡು ತುಂಡುಗಳನ್ನು ಜೋಡಿಸುವ ಪುಟ್ಟ ಲೋಹದ ತೊಟ್ಟಿಲನ್ನು ಗಮನಿಸಿ. ಇದಕ್ಕೆ ನಿಜವಾದ ರೈಲ್ವೆಯಲ್ಲಿರುವಂತೆಯೇ 'ಫಿಶ್‌ಪ್ಲೇಟ್' ಎಂದು ಹೆಸರು. ಹತ್ತಾರು ಸಲ ಬಿಚ್ಚಿ ಜೋಡಿಸಿದ ಮೇಲೆ ಇದು ಸಡಿಲವಾಗುತ್ತದೆ. ಚಿಕ್ಕ ಇಕ್ಕಳದಿಂದ ಮೆಲ್ಲಗೆ ಒತ್ತಿ ಬಿಗಿ ಮಾಡಿ; ತೀರಾ ಹಳೆಯದಾದರೆ ಬದಲಿಸಿ.

ಮೂರನೆಯದಾಗಿ, ಜಮಖಾನೆಯ ಮೇಲೆ ರೈಲು ಓಡಿಸುವುದನ್ನು ಇಂದೇ ನಿಲ್ಲಿಸಿ. ಅದರ ನೂಲು, ಕೂದಲು ಎಂಜಿನ್ನಿನ ಹಲ್ಲುಚಕ್ರಕ್ಕೆ ಸುತ್ತಿಕೊಳ್ಳುತ್ತವೆ. ಮೇಲಾಗಿ ಮೆತ್ತನೆಯ ನೆಲದಲ್ಲಿ ಯಾವ ಜೋಡಣೆಯೂ ಸಮವಾಗಿ ನಿಲ್ಲದು. ಇಷ್ಟು ಮಾಡಿದ ಮೇಲೂ ಗಾಡಿ ನಿಲ್ಲುತ್ತಿದ್ದರೆ, ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಚೀಟಿ ಅಂಟಿಸಿ ಗುರುತು ಮಾಡಿ. ಯಾವಾಗಲೂ ಒಂದೇ ಕಡೆ ನಿಂತರೆ ದೋಷ ಹಳಿಯದು. ಎಲ್ಲೆಂದರಲ್ಲಿ ನಿಂತರೆ ಚಕ್ರ ಅಥವಾ ಮೋಟಾರಿನ ಕಡೆ ನೋಡಬೇಕು.

ಅಯಸ್ಕಾಂತದ ಪರೀಕ್ಷೆ

ಈಗ ನಿಮ್ಮ ಕಂಬಿ ಯಾವ ಲೋಹದ್ದು ನೋಡೋಣ. ಅಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಅಯಸ್ಕಾಂತವೊಂದನ್ನು ಕೇಳಿ ಪಡೆಯಿರಿ. ಕಂಬಿ ಅದಕ್ಕೆ ಅಂಟಿಕೊಂಡರೆ ಅದು ಉಕ್ಕು. ಅಂಟದೆ, ಬಣ್ಣ ಹಳದಿಯಾಗಿದ್ದರೆ ಹಿತ್ತಾಳೆ. ಅಂಟದೆ, ಬೆಳ್ಳಿಯಂತೆ ತುಸು ಮಾಸಲು ಹೊಳಪಿದ್ದರೆ ಅದು 'ನಿಕಲ್ ಸಿಲ್ವರ್'. ಹೆಸರಿಗೆ ಸಿಲ್ವರ್, ಬೆಳ್ಳಿ ಒಂದು ಗುಲಗಂಜಿಯಷ್ಟೂ ಇಲ್ಲ. ತಾಮ್ರ, ಸತು, ನಿಕಲ್‌ಗಳ ಮಿಶ್ರಲೋಹ ಅದು.

ಹಳೆಯ ಸೆಟ್‌ಗಳಲ್ಲಿಯೂ ಕೆಲವು ಅಗ್ಗದ ಸೆಟ್‌ಗಳಲ್ಲಿಯೂ ಉಕ್ಕಿನ ಕಂಬಿ ಇರುತ್ತದೆ. ಒಣಹವೆಯ ಊರಿನಲ್ಲಿ ಅದು ಹೇಗೋ ಬಾಳೀತು. ಮುಂಬಯಿ, ಚೆನ್ನೈಗಳಂಥ ಕಡಲತಡಿಯಲ್ಲಿರುವ ನಿಮಗೆ ಒಂದೇ ಮಳೆಗಾಲ ಸಾಕು, ತುಕ್ಕು ಬರಲು. ಹಿತ್ತಾಳೆ ತುಕ್ಕು ಹಿಡಿಯದಿದ್ದರೂ ದೇವರ ಮನೆಯ ದೀಪದಂತೆ ಬೇಗ ಮಂಕಾಗಿ ಕರೆಂಟಿಗೆ ಅಡ್ಡಿ ಮಾಡುತ್ತದೆ. ನಿಕಲ್ ಸಿಲ್ವರ್ ಇವೆರಡಕ್ಕಿಂತ ಕಡಿಮೆ ತೊಂದರೆ ಕೊಡುವ ಲೋಹ. ಬಾಕ್‌ಮನ್ ಕಂಪನಿಯ 'ಈಜಿ ಟ್ರ್ಯಾಕ್' ನಿಮ್ಮಲ್ಲಿದ್ದರೆ ಗುರುತು ಇನ್ನೂ ಸುಲಭ: ಕೆಳಗಿನ ಪ್ಲಾಸ್ಟಿಕ್ ದಿಂಡು ಕಪ್ಪಗಿದ್ದರೆ ಉಕ್ಕು, ಬೂದುಬಣ್ಣವಿದ್ದರೆ ನಿಕಲ್ ಸಿಲ್ವರ್. ಉಕ್ಕಿನ ಕಂಬಿ ಇದ್ದವರಿಗೆ ನನ್ನ ಮೊದಲ ಸಲಹೆ, ಹಣ ಖರ್ಚು ಮಾಡುವುದಿದ್ದರೆ ಮೊದಲು ಇಲ್ಲಿ ಮಾಡಿ.

'ಕೋಡ್' ಎಂಬ ಗುಟ್ಟು

ಹೊಸ ಹಳಿ ಕೊಳ್ಳಲು ಹೋದಾಗ ಪೆಟ್ಟಿಗೆಯ ಮೇಲೆ 'ಕೋಡ್ ೧೦೦', 'ಕೋಡ್ ೮೩', 'ಕೋಡ್ ೭೫' ಎಂದು ಬರೆದಿರುತ್ತದೆ. ಇದು ಕಂಬಿಯ ಎತ್ತರ, ಅಂಗುಲದ ಸಾವಿರದ ಲೆಕ್ಕದಲ್ಲಿ. ಕೋಡ್ ೧೦೦ ಅಂದರೆ ೦.೧೦೦ ಅಂಗುಲ, ನಮ್ಮ ಲೆಕ್ಕದಲ್ಲಿ ೨.೫೪ ಮಿಲಿಮೀಟರ್. ಕೋಡ್ ೭೫ ಸುಮಾರು ೧.೯ ಮಿಲಿಮೀಟರ್. ತಗ್ಗು ಕಂಬಿ ನೋಡಲು ನಿಜವಾದ ಹಳಿಗೆ ಹತ್ತಿರ. ಆದರೆ ಹಳೆಯ ಆಟಿಕೆಗಳ ಚಕ್ರದ ಅಂಚು ಆಳವಾಗಿರುವುದರಿಂದ ತಗ್ಗು ಕಂಬಿಯಲ್ಲಿ ಅದು ಸ್ಲೀಪರಿಗೆ ತಗುಲಿ ಕಟಕಟ ಎನ್ನುತ್ತದೆ.

ಹಾರ್ನ್‌ಬಿಯಂಥ ಆರಂಭಿಕ ಸೆಟ್‌ಗಳ ಹಳಿ ಕೋಡ್ ೧೦೦. ಆದ್ದರಿಂದ ಸೇರಿಸುವ ಹೊಸ ಹಳಿಯನ್ನೂ ಕೋಡ್ ೧೦೦ರಲ್ಲೇ ಕೊಂಡರೆ ಹಳೆಯದಕ್ಕೆ ನೇರವಾಗಿ ಕೂಡುತ್ತದೆ. ಹಳೆಯ ಡಬ್ಬಿಗಳೂ ಓಡುತ್ತವೆ. ಚಂದಕ್ಕೆ ಮರುಳಾಗಿ ಕೋಡ್ ೭೫ ತಂದರೆ ಎರಡನ್ನೂ ಕೂಡಿಸಲು ಬೇರೆ ಜೋಡಣೆ ಬೇಕು. ಹೊಸಬರಿಗೆ ಕೋಡ್ ೧೦೦ ಸಾಕು. ಜಲ್ಲಿ ಹಾಕಿ, ಕಂಬಿಯ ಪಕ್ಕಕ್ಕೆ ತುಕ್ಕಿನ ಬಣ್ಣ ಬಳಿದರೆ ಎತ್ತರ ಕಣ್ಣಿಗೆ ಬೀಳುವುದೇ ಇಲ್ಲ.

ಎರಡು ಕೋಣೆಯ ಮನೆಯಲ್ಲಿ ತಿರುವಿನ ಲೆಕ್ಕ

ಭಾರತೀಯ ಬ್ರಾಡ್‌ಗೇಜ್‌ನಲ್ಲಿ ಅತಿ ಬಿಗಿಯಾದ ತಿರುವಿನ ತ್ರಿಜ್ಯ ೧೭೫ ಮೀಟರ್. ಅದನ್ನು ಎಚ್‌ಓ ಅಳತೆಗೆ, ಅಂದರೆ ೮೭ರಲ್ಲಿ ಒಂದು ಪಾಲಿಗೆ ಇಳಿಸಿದರೆ ತ್ರಿಜ್ಯ ೨ ಮೀಟರ್; ಪೂರ್ತಿ ವೃತ್ತಕ್ಕೆ ೪ ಮೀಟರ್ ಅಗಲ ಬೇಕು! ದಾದರಿನಲ್ಲೋ ಮೈಲಾಪುರದಲ್ಲೋ ಫ್ಲಾಟಿನಲ್ಲಿರುವವರು ಅಷ್ಟು ಜಾಗ ಎಲ್ಲಿಂದ ತರಬೇಕು? ಹೀಗಾಗಿ ತಯಾರಕರು ತಿರುವನ್ನು ಕುಗ್ಗಿಸುತ್ತಾರೆ. ಹಾರ್ನ್‌ಬಿಯ ಮೊದಲ ತಿರುವಿನ ತ್ರಿಜ್ಯ ೩೭೧ ಮಿಲಿಮೀಟರ್, ಎರಡನೆಯದು ೪೩೮, ಮೂರನೆಯದು ೫೦೫.

ತಿರುವು ಬಿಗಿಯಾದಷ್ಟೂ ಉದ್ದ ಡಬ್ಬಿಗಳು ಹಳಿ ತಪ್ಪುವುದು ಹೆಚ್ಚು. ಆದ್ದರಿಂದ ಜಾಗ ಒಪ್ಪುವಷ್ಟು ಸಡಿಲ ತಿರುವನ್ನೇ ಆರಿಸಿ. ೪೩೮ರ ವೃತ್ತಕ್ಕೆ ಅಂಚಿನ ಜಾಗವೂ ಸೇರಿ ಸುಮಾರು ೧ ಮೀಟರ್ ಅಗಲದ ಹಲಗೆ ಬೇಕು. ೪ ಅಡಿ ಅಗಲದ ಪ್ಲೈವುಡ್ ಇದ್ದರೆ ೫೦೫ ಸಹ ಹಿಡಿಸುತ್ತದೆ. ಅಷ್ಟೂ ಇಲ್ಲದವರು ಎನ್ ಅಳತೆಗೆ ಹೋಗುವುದು ಜಾಣತನ. ಜಪಾನಿನ ಕಾಟೋ ಕಂಪನಿಯ ಎನ್ ಹಳಿಯಲ್ಲಿ ೨೪೯ ಮಿಲಿಮೀಟರ್ ತ್ರಿಜ್ಯದ ತಿರುವಿದೆ. ಮಂಚದ ಕೆಳಗೆ ಸರಿಸಿಡಬಹುದಾದ ೨ ಅಡಿ ಅಗಲದ ಹಲಗೆಯ ಮೇಲೆ ಅದು ಆರಾಮವಾಗಿ ಕೂರುತ್ತದೆ. ಜಪಾನಿನಲ್ಲಿ ಎನ್ ಅಳತೆ ಇಷ್ಟು ಜನಪ್ರಿಯವಾಗಲು ಅಲ್ಲಿಯ ಮನೆಗಳು ಚಿಕ್ಕವಾಗಿರುವುದೂ ಒಂದು ಕಾರಣ. ಇಕ್ಕಟ್ಟಿನ ಮನೆ ಹವ್ಯಾಸಕ್ಕೆ ಅಡ್ಡಿ ಎನ್ನುವವರು ಅವರನ್ನು ನೋಡಿ ಕಲಿಯಬೇಕು.

ತುಂಡು ಹಳಿಯೋ, ಉದ್ದ ಹಳಿಯೋ?

ದಿನವೂ ಬಿಚ್ಚಿಡಬೇಕಾದ ಮನೆಯಾದರೆ ದಿಂಡಿನ ಸಮೇತ ಬರುವ, ಟಕ್ಕೆಂದು ಕೂಡುವ ಹಳಿಯೇ ಒಳ್ಳೆಯದು. ಒಂದು ಹಲಗೆಗೆ ಶಾಶ್ವತವಾಗಿ ಕೂರಿಸಬಲ್ಲಿರಾದರೆ ಬಾಗುವ ಹಳಿಗೆ, ಅಂದರೆ 'ಫ್ಲೆಕ್ಸಿಬಲ್ ಟ್ರ್ಯಾಕ್'ಗೆ ಹೋಗಿ. ಇಂಗ್ಲೆಂಡಿನ ಪೀಕೋ ಕಂಪನಿಯ ಇಂಥ ಹಳಿ ಒಂದು ಗಜ, ಅಂದರೆ ೯೧೪ ಮಿಲಿಮೀಟರ್ ಉದ್ದ. ಐದಾರು ತುಂಡುಗಳ ಕೆಲಸವನ್ನು ಒಂದೇ ಮಾಡುವುದರಿಂದ ಜೋಡಣೆಗಳು ಕಡಿಮೆ. ಜೋಡಣೆ ಕಡಿಮೆಯಾದಷ್ಟೂ ಕಾಯಿಲೆ ಕಡಿಮೆ. ನಿಜವಾದ ರೈಲ್ವೆಯಲ್ಲೂ ಇದೇ ಆಯಿತಲ್ಲವೇ? ೧೩ ಮೀಟರಿನ ಕಂಬಿಗಳನ್ನು ಫಿಶ್‌ಪ್ಲೇಟಿನಿಂದ ಕೂಡಿಸಿದ್ದ ಕಾಲದಲ್ಲಿ ಗಾಡಿ 'ಟಕ ಟಕ, ಟಕ ಟಕ' ಎನ್ನುತ್ತ ಜೋಗುಳ ಹಾಡುತ್ತಿತ್ತು. ಬೆಸುಗೆ ಹಾಕಿದ ಉದ್ದ ಕಂಬಿಗಳು ಬಂದ ಮೇಲೆ ಆ ಸದ್ದು ಅಪರೂಪವಾಯಿತು.

ಬಾಗಿಸಿದಾಗ ಒಳಗಿನ ಕಂಬಿ ಹೊರಗಿನದಕ್ಕಿಂತ ಮುಂದೆ ಚಾಚುತ್ತದೆ. ಹೆಚ್ಚಾದುದನ್ನು ಸಣ್ಣ ಹಲ್ಲಿನ ಗರಗಸದಿಂದ ಕೊಯ್ದು, ತುದಿಯನ್ನು ಅರದಿಂದ ನಯ ಮಾಡಬೇಕು. ಕೊಯ್ಯುವಾಗ ಕಣ್ಣಿಗೆ ಕನ್ನಡಕವಿರಲಿ. ತಿರುವಿನ ಮಧ್ಯೆ ಜೋಡಣೆ ಬಂದರೆ, ಎರಡು ಹಳಿಗಳನ್ನು ನೇರವಾಗಿಟ್ಟು ಬೆಸುಗೆ ಹಾಕಿ, ಆಮೇಲೆ ಬಾಗಿಸಿ. ಇಲ್ಲವಾದರೆ ಅಲ್ಲಿ ಮೊಣಕೈಯಂತೆ ಮೂಲೆ ಮೂಡುತ್ತದೆ; ಗಾಡಿ ಬೀಳುವುದು ಅಲ್ಲೇ.

ಕವಲಿನ ಕಿರಿಕಿರಿ

ಗಾಡಿ ನಿಲ್ಲುವ ಇನ್ನೊಂದು ಖಾಯಂ ಜಾಗ, ಹಳಿ ಕವಲೊಡೆಯುವ 'ಪಾಯಿಂಟ್'. ಎರಡು ಕಂಬಿಗಳು ಒಂದನ್ನೊಂದು ದಾಟುವ ಮೂತಿಗೆ ಇಂಗ್ಲಿಷಿನವರು 'ಫ್ರಾಗ್', ಅಂದರೆ ಕಪ್ಪೆ ಎನ್ನುತ್ತಾರೆ. ಅಗ್ಗದ ಪಾಯಿಂಟ್‌ಗಳಲ್ಲಿ ಈ ಕಪ್ಪೆ ಪ್ಲಾಸ್ಟಿಕ್ಕಿನದು; ಅದರಲ್ಲಿ ಕರೆಂಟಿಲ್ಲ. ಉದ್ದ ಎಂಜಿನ್ ಸಲೀಸಾಗಿ ದಾಟಿದರೂ ನಾಲ್ಕು ಚಕ್ರದ ಪುಟ್ಟ ಎಂಜಿನ್ ಅಲ್ಲಿ ಹಸಿದು ನಿಲ್ಲುತ್ತದೆ. ಲೋಹದ ಕಪ್ಪೆಯಿರುವ ಪಾಯಿಂಟ್ ಹಾಕಿದರೆ ಈ ತೊಂದರೆ ಇಲ್ಲ. ಆದರೆ ಪಾಯಿಂಟ್ ತಿರುಗಿದಂತೆ ಕಪ್ಪೆಯ ಧನ ಋಣವೂ ಬದಲಾಗಬೇಕಾದ್ದರಿಂದ ಕೆಲವೆಡೆ ಪ್ಲಾಸ್ಟಿಕ್ ಫಿಶ್‌ಪ್ಲೇಟ್ ಹಾಕಿ ಕರೆಂಟನ್ನು ಬೇರ್ಪಡಿಸಬೇಕು. ಹಾಗೆಯೇ, ಹೋದ ಹಳಿ ಸುತ್ತಿ ಬಂದು ತನ್ನನ್ನೇ ಸೇರುವ ಕುಣಿಕೆಯನ್ನು ಹೊಸಬರು ಹಾಕದಿರುವುದು ಲೇಸು. ಅಲ್ಲಿ ಧನ ಕಂಬಿ ಋಣ ಕಂಬಿಗೆ ಮುಟ್ಟಿ ಶಾರ್ಟ್ ಆಗುತ್ತದೆ.

ಎರಡು ತಂತಿಯ ಉಪಕಾರ

ಗಾಡಿ ಕಂಟ್ರೋಲರಿನ ಹತ್ತಿರ ಚುರುಕಾಗಿಯೂ ಆಚೆ ತುದಿಯಲ್ಲಿ ಮಂದವಾಗಿಯೂ ಓಡುತ್ತದೆಯೆ? ಅದು ದಣಿವಲ್ಲ. ನಿಕಲ್ ಸಿಲ್ವರ್ ತಾಮ್ರಕ್ಕಿಂತ ಹಲವು ಪಟ್ಟು ಹೆಚ್ಚಾಗಿ ಕರೆಂಟನ್ನು ತಡೆಯುತ್ತದೆ. ಜತೆಗೆ ಪ್ರತಿ ಜೋಡಣೆಯಲ್ಲೂ ಒಂದಿಷ್ಟು ನಷ್ಟ. ಪರಿಹಾರ ಸುಲಭ. ಹಲಗೆಯ ಕೆಳಗೆ ಕೆಂಪು, ಕಪ್ಪು ಎರಡು ದಪ್ಪ ತಾಮ್ರದ ತಂತಿಗಳನ್ನು ಎಳೆಯಿರಿ. ಸುಮಾರು ಒಂದೊಂದು ಮೀಟರಿಗೆ ಅವುಗಳಿಂದ ತೆಳು ತಂತಿಗಳನ್ನು ಮೇಲಕ್ಕೆ ತಂದು ಕಂಬಿಯ ಹೊರಮೈಗೆ ಬೆಸುಗೆ ಹಾಕಿ. ಕೆಂಪು ಯಾವಾಗಲೂ ಒಂದೇ ಕಂಬಿಗೆ ಹೋಗಲಿ. ಕಾದ ಕಬ್ಬಿಣ ತೋರದೆ ಸುಡುತ್ತದೆ. ಮೊದಲ ಸಲ ಹಿರಿಯರೊಬ್ಬರನ್ನು ಜತೆಗಿಟ್ಟುಕೊಳ್ಳಿ. ಗೋಡೆಯ ಪ್ಲಗ್ಗಿಗೆ ಸೇರುವ ಕಡೆಯ ತಂತಿಯನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ.

ಹಲಗೆ, ಮಳೆಗಾಲ ಮತ್ತು ಜಲ್ಲಿ

ಹಳಿಗೆ ಆಧಾರ ಹಲಗೆ. ೯ ಅಥವಾ ೧೨ ಮಿಲಿಮೀಟರಿನ ಪ್ಲೈವುಡ್, ಕೆಳಗೆ ಮರದ ಪಟ್ಟಿಗಳ ಚೌಕಟ್ಟು ಇದ್ದರೆ ಸಾಕು. ಮಳೆಗಾಲದಲ್ಲಿ ಮರ ತೇವ ಹೀರಿ ಉಬ್ಬುತ್ತದೆ, ಚಳಿಗಾಲದಲ್ಲಿ ಕುಗ್ಗುತ್ತದೆ. ಆದ್ದರಿಂದ ಎರಡೂ ಮೈಗೆ, ಅಂಚಿಗೂ ಸಹ, ಬಣ್ಣವನ್ನೋ ವಾರ್ನಿಷನ್ನೋ ಬಳಿಯಿರಿ. ಕಂಬಿಯೂ ಬಿಸಿಲಿಗೆ ಹಿಗ್ಗುತ್ತದೆ. ೩ ಮೀಟರ್ ಉದ್ದದ ಕಂಬಿ ೨೦ ಡಿಗ್ರಿ ಸೆಖೆ ಏರಿದರೆ ಸುಮಾರು ೧ ಮಿಲಿಮೀಟರ್ ಬೆಳೆಯುತ್ತದೆ. ದೆಹಲಿಯ ಬೇಸಗೆ, ಚಳಿ ಎರಡನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೇರ ಹಳಿಯ ಜೋಡಣೆಗಳಿಗೆಲ್ಲ ಬೆಸುಗೆ ಹಾಕದೆ, ಕೆಲವೆಡೆ ಕೂದಲೆಳೆಯ ಸಂದು ಬಿಡಿ.

ಹಲಗೆಯ ಮೇಲೆ ತೆಳು ಬೆಂಡಿನ ಪಟ್ಟಿ, ಅದರ ಮೇಲೆ ಹಳಿ. ಜಲ್ಲಿ ಹಾಕುವುದು ಕಟ್ಟಕಡೆಗೆ. ಅದಕ್ಕೂ ಮುಂಚೆ ಕಣ್ಣು ಮುಚ್ಚಿ ಪ್ರತಿ ಜೋಡಣೆಯ ಮೇಲೂ ಬೆರಳಾಡಿಸಿ. ಕಣ್ಣಿಗೆ ಕಾಣದ ಉಬ್ಬು ಬೆರಳಿಗೆ ತಿಳಿಯುತ್ತದೆ. ಎಂಜಿನ್ನನ್ನು ಅತಿ ನಿಧಾನವಾಗಿ ಎರಡೂ ದಿಕ್ಕಿಗೆ ಓಡಿಸಿ. ಒಂದು ವಾರ ತಪ್ಪಿಲ್ಲದೆ ಓಡಿದರೆ ಮಾತ್ರ ಜರಡಿ ಹಿಡಿದ ಸಣ್ಣ ಹರಳು ಹರಡಿ, ಬಿಳಿ ಫೆವಿಕಾಲ್‌ಗೆ ನೀರು ಬೆರೆಸಿ, ಎರಡು ತೊಟ್ಟು ಪಾತ್ರೆ ತೊಳೆಯುವ ಸಾಬೂನಿನ ದ್ರವ ಸೇರಿಸಿ ಹನಿಹನಿಯಾಗಿ ಬಿಡಿ. ಸಾಬೂನು ಇದ್ದರೆ ಅಂಟು ಹರಳಿನ ಸಂದಿಗೆ ಇಳಿಯುತ್ತದೆ. ಪಾಯಿಂಟಿನ ಚಲಿಸುವ ಭಾಗದ ಹತ್ತಿರ ಮಾತ್ರ ಅಂಟು ಸುಳಿಯದಿರಲಿ.

ಎಲ್ಲವನ್ನೂ ಒಂದೇ ತಿಂಗಳಲ್ಲಿ ಮಾಡಬೇಕಿಲ್ಲ. ಮೊದಲು ಸ್ವಚ್ಛತೆ, ಬಳಿಕ ಹಲಗೆ, ಆಮೇಲೆ ತಂತಿ, ನಂತರ ಒಂದೊಂದೇ ಬದಿಯ ಹಳಿ, ಕೊನೆಗೆ ಪಾಯಿಂಟ್. ನಡುನಡುವೆ ಗಾಡಿ ಓಡುತ್ತಲೇ ಇರಲಿ. ಓಡದ ರೈಲಿನ ಮೇಲೆ ಪ್ರೀತಿ ಬಹಳ ದಿನ ಉಳಿಯದು.

ಯಾವ ಊರಿನ ಹಳಿ?

ಇಷ್ಟೆಲ್ಲ ಮಾಡುವಾಗ ಒಂದು ಪ್ರಶ್ನೆ ನಿಮ್ಮನ್ನು ಕಾಡಬೇಕು: ಈ ಹಲಗೆಯ ಮೇಲೆ ಯಾವ ಊರು ಇರುತ್ತದೆ? ಸೆಟ್ಟಿನ ಚಿತ್ರದಲ್ಲಿರುವ ಇಂಗ್ಲೆಂಡಿನ ಹಳ್ಳಿಯೇ ಆಗಬೇಕೆ?

೧೬.೫ ಮಿಲಿಮೀಟರ್ ಎಂಬುದು ೧೪೩೫ ಮಿಲಿಮೀಟರಿನ ಯೂರೋಪಿನ ಹಳಿಯ ೮೭ರಲ್ಲಿ ಒಂದು ಪಾಲು. ನಮ್ಮ ಬ್ರಾಡ್‌ಗೇಜ್ ೧೬೭೬ ಮಿಲಿಮೀಟರ್; ಅದೇ ಲೆಕ್ಕದಲ್ಲಿ ೧೯.೩ ಆಗಬೇಕು. ಮೀಟರ್ ಗೇಜ್ ಆದರೆ ಸುಮಾರು ೧೧.೫, ಅದಕ್ಕೆ ೧೨ ಮಿಲಿಮೀಟರಿನ ಹಳಿ ಹೊಂದುತ್ತದೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರದ ಮೇಲೆ ಕೋಲಾರಕ್ಕೆ ಹೋಗುತ್ತಿದ್ದ ೭೬೨ ಮಿಲಿಮೀಟರಿನ ಪುಟ್ಟ ರೈಲಿಗೆ ಎನ್ ಅಳತೆಯ ೯ ಮಿಲಿಮೀಟರ್ ಹಳಿ ಹೆಚ್ಚುಕಡಿಮೆ ಸರಿಹೋಗುತ್ತದೆ.

ಈ ಲೆಕ್ಕ ಬರೀ ಲೆಕ್ಕವಲ್ಲ. ನಿಮ್ಮ ಅಪ್ಪ ಅಮ್ಮ, ಅಜ್ಜ ಅಜ್ಜಿ ಊರಿಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಮೀಟರ್ ಗೇಜ್ ಗಾಡಿಯಲ್ಲಿ. ಮುಂಬಯಿಯ ಹುಬ್ಬಳ್ಳಿ, ಬೆಳಗಾವಿ ಕಡೆಯವರು ಮೀರಜ್‌ನಲ್ಲಿ ಟ್ರಂಕು, ಹಾಸಿಗೆ ಸುರುಳಿ ಇಳಿಸಿ ಗಾಡಿ ಬದಲಿಸಬೇಕಿತ್ತು. ಗುಂತಕಲ್‌ನಲ್ಲಿಯೂ ಅದೇ ಪಾಡು. ೧೯೯೨ರಲ್ಲಿ ರೈಲ್ವೆ ಇಲಾಖೆ ಎಲ್ಲವನ್ನೂ ಒಂದೇ ಗೇಜಿಗೆ ತರುವ ಯೋಜನೆ ಹಿಡಿದ ಮೇಲೆ ಕರ್ನಾಟಕದ ಆ ಹಳಿಗಳು ಒಂದೊಂದಾಗಿ ಎದ್ದುಹೋದವು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ೫೭ ಸುರಂಗಗಳ ಘಟ್ಟದ ದಾರಿ ೧೯೯೬ರಲ್ಲಿ ಮುಚ್ಚಿ, ಪ್ರಯಾಣಿಕರ ಗಾಡಿ ಬ್ರಾಡ್‌ಗೇಜಿನಲ್ಲಿ ಮತ್ತೆ ಓಡಿದ್ದು ೨೦೦೭ರಲ್ಲಿ. ಅನುಕೂಲ ಹೆಚ್ಚಾಯಿತು, ನಿಜ. ಆದರೆ ಆ ಪುಟ್ಟ ಗಾಡಿ, ಆ ನಿಲ್ದಾಣದ ಗಡಿಬಿಡಿ ಇಂದು ಹಿರಿಯರ ನೆನಪಿನಲ್ಲಷ್ಟೇ ಇದೆ. ಆ ನೆನಪಿಗೂ ವಯಸ್ಸಾಗುತ್ತಿದೆ.

ಹಳಿ ಹಾಸುವ ಮುಂಚೆ ಅವರ ಎದುರು ಕಾಗದ, ಪೆನ್ಸಿಲ್ ಹಿಡಿದು ಕೂರಿ. ಊರಿನ ಸ್ಟೇಷನ್ನಿನಲ್ಲಿ ಎಷ್ಟು ಹಳಿ ಇದ್ದವು, ಎಂಜಿನ್ ನೀರು ಕುಡಿಯುತ್ತಿದ್ದುದು ಎಲ್ಲಿ, ಗೂಡ್ಸ್ ಶೆಡ್ ಯಾವ ಬದಿಗೆ, ಹುಣಿಸೆಮರ ಎಲ್ಲಿತ್ತು ಎಂದು ಕೇಳಿ ನಕ್ಷೆ ಬರೆಯಿರಿ. ಎಷ್ಟು ಕನ್ನಡ ಮಾತು ಅದರ ಜತೆ ಬರುತ್ತದೆ ನೋಡಿ. ಕಂಬಿ, ಹಳಿ, ಜಲ್ಲಿ, ಕೈಮರ, ಗೇಟು ಕಾಯುವವನ ಗುಡಿಸಲು, ಇವು ಯಾವ ಭಾಷಾ ತರಗತಿಯಲ್ಲೂ ಒಟ್ಟಿಗೆ ಸಿಗಲಾರವು.

ಸಣ್ಣ ರೈಲು ಹೇಗಿರುತ್ತದೆಂದು ಕಣ್ಣಾರೆ ನೋಡಬೇಕೆನ್ನುವ ಪುಣೆಯವರು ಕೋಥ್ರೂಡ್‌ನಲ್ಲಿ ೧೯೯೮ರಲ್ಲಿ ತೆರೆದ ಜೋಶಿ ಕಿರು ರೈಲು ಸಂಗ್ರಹಾಲಯಕ್ಕೆ ಹೋಗಬಹುದು. ನಿಜವಾದ ಹಳೆಯ ಎಂಜಿನ್, ಹಳಿಗಳನ್ನು ಮುಟ್ಟಿ ಅಳೆಯಲು ದೆಹಲಿಯಲ್ಲಿ ೧೯೭೭ರಿಂದ ಇರುವ ರಾಷ್ಟ್ರೀಯ ರೈಲು ಸಂಗ್ರಹಾಲಯ, ರಜೆಗೆ ಊರಿಗೆ ಹೋದಾಗ ಮೈಸೂರಿನಲ್ಲಿ ೧೯೭೯ರಲ್ಲಿ ಆರಂಭವಾದ ಸಂಗ್ರಹಾಲಯ ಇವೆ. ಅಳತೆಪಟ್ಟಿ ಮರೆಯದೆ ಒಯ್ಯಿರಿ.

ಈ ಭಾನುವಾರ ಅಟ್ಟದ ಪೆಟ್ಟಿಗೆ ಇಳಿಸಿ, ಒಂದು ಅಯಸ್ಕಾಂತ, ಒಂದು ಹತ್ತಿಬಟ್ಟೆ ಹುಡುಕಿಕೊಳ್ಳಿ. ಎಂಜಿನ್ ತಾನಾಗಿ ಓಡೀತು. ನಿಲ್ದಾಣದ ಹಲಗೆಯ ಮೇಲೆ ನಿಮ್ಮ ಊರಿನ ಹೆಸರನ್ನು ಮಾತ್ರ ನೀವೇ, ನಿಮ್ಮ ಕೈಯಾರೆ, ಕನ್ನಡದಲ್ಲಿ ಬರೆಯಿರಿ.